ಬಿಸಿಲಿಗೆಂದು ಬಿಟ್ಟ ಜಾಗ

ಮೀಟರ್ ಗೇಜ್ ಕಿತ್ತ ವರ್ಷ ಅರಸೀಕೆರೆ ಯಾರ್ಡಿನ ಹರಾಜಿನಲ್ಲಿ
ಒಂದು ಸ್ಲೀಪರ್ ಕೊಂಡಿದ್ದೆ. ಯಾಕೆಂದು ಆಗ ಗೊತ್ತಿರಲಿಲ್ಲ.
ಇಷ್ಟು ಕಾಲ ಹಿತ್ತಿಲ ಬಾಗಿಲಿಗೆ ಮೆಟ್ಟಿಲಾಗಿ ಬಿದ್ದಿತ್ತು.
ಸಣ್ಣತಾಯಿ ಅದರ ಮೇಲೆ ನಿಂತು ಕಾಲು ತೊಳೆದಳು,
ಮೀನು ಉಜ್ಜಿದಳು, ಬೆಕ್ಕಿಗೆ ಬೈದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ತುದಿ ಸೀಳಿತು.
ಹಂಡೆ ಒಲೆಗಾಯಿತು ಅಂತಲೇ ಕೊಡಲಿ ತಂದೆ.
ಮೇಲೆಲ್ಲ ಡಾಂಬರಿನ ಕಪ್ಪು, ಎಣ್ಣೆ, ಎಷ್ಟೋ ಊರಿನ ಧೂಳು.
ಒಂದು ಚಕ್ಕೆ ಹಾರಿತು ನೋಡಿ,
ಒಳಗೆ ಕೆಂಪು!
ಎಲೆಅಡಿಕೆ ಹಾಕಿದ ನಾಲಿಗೆಯ ಕೆಂಪು.
ಅಷ್ಟು ರೈಲು ಮೈಮೇಲೆ ಹೋದರೂ
ಬಾಯಿ ತೆರೆದು ತೋರಿಸದ ಮರ.

ರುದ್ರಾಚಾರಿಯ ಮಗ ಮಿಷನ್ನಿನವನು.
'ಕೊಡಿ ಮಾವ, ಹತ್ತು ನಿಮಿಷ' ಅಂದ.
ಆಚಾರಿ ಮಾತ್ರ ಒಳಗಿಂದ ಗೋಣಿಚೀಲ ಎಳೆದು ತಂದು
ಕೈಗರಗಸ, ಉಜ್ಜುಗೊರಡು, ಎರಡು ಉಳಿ, ಒಂದು ಕೊಡತಿ
ನನ್ನೆದುರು ಇಟ್ಟ.
'ಭುಜ ಮನೇಲಿ ಬಿಟ್ಟು ಬಾ ನಾಳೆ.'
ಅವತ್ತಿಗೆ ಅಷ್ಟೇ ಪಾಠ.

ಗ್ಯಾಂಗಿನವನ ಕೈಗೆ ಗೊತ್ತಿದ್ದದ್ದು ಒಂದೇ ಏಟು:
ತಲೆಯ ಮೇಲಿಂದ ಬರಬೇಕು, ಮೂರಕ್ಕೆ ಮೊಳೆ ಒಳಗಿರಬೇಕು.
ಮೊದಲ ಹಲಗೆ ಎರಡಾಯಿತು.
ಎರಡನೆಯದು ಮೂರಾಯಿತು.
ಆಮೇಲೆ ಆಮೇಲೆ ಮಣಿಕಟ್ಟಷ್ಟೇ ಏಳುವುದು ಕಲಿತೆ,
ಮಗುವಿಗೆ ಜೋಗುಳದ ತಟ್ಟು ತಟ್ಟುವ ಹಾಗೆ.

ಉಜ್ಜಿದಷ್ಟೂ ಸುರುಳಿ. ಸುರುಳಿಗೆ ಬೆಂಕಿ ಕೊಟ್ಟರೆ
ಮೇ ತಿಂಗಳ ಹಳಿಯ ವಾಸನೆ ಬಚ್ಚಲ ತುಂಬ.
ಮೂಲೆ ಜೋಡಣೆಗೆ ಹಕ್ಕಿಬಾಲ ಕೊರೆದೆ, ನಾಲ್ಕು ಮೂಲೆ.
ಒಂದು ಸಡಿಲವಾಯಿತು,
ಗರಗಸದ ಹುಡಿಗೆ ಸರೇಸು ಕಲಸಿ ಮೆತ್ತಿದ್ದೇನೆ.
ಯಾವುದು ಅಂತ ಹೇಳುವುದಿಲ್ಲ.

ಹಳೇ ಮೊಳೆಯ ತೂತು ಒಂದಿತ್ತು,
ಸುತ್ತ ಕಬ್ಬಿಣ ಕಚ್ಚಿದ ನೀಲಿಗಪ್ಪು ಕಲೆ.
'ಅದನ್ನ ಕತ್ತರಿಸಿ ಬಿಸಾಕು' ಅಂದ ಆಚಾರಿ.
ನಾನು ಅದನ್ನೇ ಮುಚ್ಚಳದ ನಡುವಿಗೆ ತಂದೆ.
ತೆಂಗಿನ ಕರಟ ಕಲ್ಲಿನ ಮೇಲೆ ತೇದು ತೇದು
ಬಿಲ್ಲೆ ಮಾಡಿ ಕೂರಿಸಿದೆ.
ಎಣ್ಣೆ ಸವರಿದಾಗ ಅದು ಕಾಗೆಯ ಕಣ್ಣು.
ಆಚಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಮುಚ್ಚಳ ಎಷ್ಟು ಬಿಗಿ ಅಂದರೆ
ಮಿಷನ್ನಿನ ಹುಡುಗನೂ ಉಗುರು ಹಾಕಿ ಎಬ್ಬಿಸಬೇಕಾಯಿತು.
ಸೈಕಲ್ಲಿನಲ್ಲಿ ಮನೆಗೆ ಬರುವಾಗ ನಾನು
ಇಬ್ಬರು ಗೊತ್ತಿಲ್ಲದವರಿಗೂ ನಮಸ್ಕಾರ ಹೇಳಿದೆ.

ಸಣ್ಣತಾಯಿ ಅದರೊಳಗೆ ಬೆಂಡೋಲೆ ಇಟ್ಟಳು.
ಮಳೆ ಹಿಡಿಯಿತು.
ಬಾಣಾವರದಲ್ಲಿ ಅವಳ ತಂಗಿ ಮಗಳ ಮದುವೆ,
ಬೆಳಿಗ್ಗೆ ಬಸ್ಸು, ಮುಚ್ಚಳ ಬರಲೊಲ್ಲದು.
ಚಾಕು ಹಾಕಲು ಬಂದಳು, ನಾನು ಅಡ್ಡ ಬಂದೆ.
ಬೋಳು ಕಿವಿಯಲ್ಲೇ ಹೋದಳು.
ಹೋಗುವಾಗ ಮಾತಿಲ್ಲ, ಬರುವಾಗಲೂ ಇಲ್ಲ.

ಅದೇ ಬಾಣಾವರದ ದಾರಿಯಲ್ಲಿ
ಮೂವತ್ತೊಂದು ವರ್ಷ ಹಳಿ ಕಾದವನು ನಾನು.
ಹಳಿಗೂ ಹಳಿಗೂ ನಡುವೆ, ಬಿಸಿಲಿಗೆ ಉಬ್ಬಲಿ ಅಂತ
ಉಗುರಿನಷ್ಟು ಜಾಗ ಬಿಡಿಸಿದವನು,
ಬಿಡದ ಹುಡುಗರಿಗೆ ಬಾಯಿಗೆ ಬಂದಂತೆ ಬೈದವನು,
ಒಂದು ಗೇಣು ಮುಚ್ಚಳಕ್ಕೆ ಮರೆತೆ.
ಕಬ್ಬಿಣಕ್ಕೆ ಬಿಸಿಲು ಹೇಗೋ
ಮರಕ್ಕೆ ಮಳೆ ಹಾಗೆ.

ಕೊಬ್ಬರಿ ಅಟ್ಟದ ಬಿಸಿಯಲ್ಲಿ ಹನ್ನೊಂದು ದಿನ ಇಟ್ಟೆ.
ಹನ್ನೆರಡಕ್ಕೆ ತಾನೇ ಬಿಟ್ಟುಕೊಟ್ಟಿತು.
ಸುತ್ತ ಬೀಡಿ ಎಲೆಯ ದಪ್ಪ ಉಜ್ಜಿದೆ, ಅಷ್ಟೇ.

ಈಗ ಮುಚ್ಚಳ ಇಟ್ಟು ಕೈ ತೆಗೆದರೆ
ತಕ್ಷಣ ಬೀಳುವುದಿಲ್ಲ. ಒಳಗಿನ ಗಾಳಿಯ ಮೇಲೆ ಕೂತು
ನಿಧಾನ, ನಿಧಾನ ಇಳಿಯುತ್ತದೆ,
ಕೊನೆಗೊಂದು 'ಹುಶ್'.

ಬೆಂಡೋಲೆ ಸ್ಟೀಲ್ ಡಬ್ಬಿಗೆ ಹೋಗಿದೆ, ಇನ್ನು ಬರುವುದಿಲ್ಲವಂತೆ.
ಟಿ.ವಿ. ಪಕ್ಕದಲ್ಲಿ ಪೆಟ್ಟಿಗೆ ಖಾಲಿ.
ಆದರೆ ನಾನು ಬಚ್ಚಲಲ್ಲಿರುವಾಗ
ಎಷ್ಟೋ ಸಲ ಕೇಳಿದ್ದೇನೆ:
ಹುಶ್.
ಸ್ವಲ್ಪ ಹೊತ್ತು ಬಿಟ್ಟು
ಮತ್ತೆ, ಹುಶ್.